ಅರ್ಧ ಸೀಸೆಯ ಹಕ್ಕು

ಬಡಿ ಖಾಲಾನ ಪಾನ್‌ದಾನ್ ಈಗಲೂ ನಮ್ಮ ಮನೆಯ ಗೋಡೆಯ ಗೂಡಿನಲ್ಲಿದೆ. ಹಿತ್ತಾಳೆಯದು, ಮದುವೆಯಲ್ಲಿ ತವರಿನಿಂದ ಬಂದದ್ದು. ಸುಣ್ಣಕ್ಕೊಂದು ಬಟ್ಟಲು, ಕಾಚಿಗೊಂದು, ಅಡಿಕೆಗೊಂದು, ಕಡ್ಡಿಪುಡಿಗೊಂದು. ಚಿಕ್ಕಂದಿನಲ್ಲಿ ನಾವೆಲ್ಲ ಅದರ ಸುತ್ತ ಕುಳಿತೇ ಕತೆ ಕೇಳಿದವರು. ನಮ್ಮಲ್ಲಿ ಕೆಲವರು ಉರ್ದು ಶಾಲೆಗೆ ಹೋಗುತ್ತಿದ್ದೆವು, ಕೆಲವರು ಕನ್ನಡ ಶಾಲೆಗೆ, ಕೆಲವರು ಎರಡೂ ಕಡೆ ಮಣ್ಣು ಹೊತ್ತವರು. ಖಾಲಾಗೆ ಯಾವ ಶಾಲೆಯೂ ಇರಲಿಲ್ಲ, ಕತೆಗಳಿದ್ದವು. ಅಡಿಕೆ ಕತ್ತರಿಸುತ್ತ, ಎಲೆಗೆ ಸುಣ್ಣ ಸವರುತ್ತ, ಜಿನ್ನುಗಳನ್ನೂ ಬಾದಶಹರನ್ನೂ ನಮ್ಮ ಓಣಿಗೇ ಇಳಿಸಿಬಿಡುತ್ತಿದ್ದರು. ರಾತ್ರಿ ಎಡಗೆನ್ನೆಯಲ್ಲಿ ಒಂದು ಎಲೆ ಅಡಗಿಸಿಕೊಂಡೇ ಮಲಗುತ್ತಿದ್ದರು. ಅದಿಲ್ಲದಿದ್ದರೆ ನಿದ್ದೆ ಹತ್ತದು ಎನ್ನುತ್ತಿದ್ದರು.

2021ರಲ್ಲಿ ಹುಣ್ಣು ಕಾಣಿಸಿಕೊಂಡದ್ದು ಅದೇ ಎಡಗೆನ್ನೆಯ ಒಳಗೆ. ಅದಕ್ಕೂ ಮೊದಲೇ ಅವರ ಬಾಯಿ ಚಿಕ್ಕದಾಗುತ್ತ ಬಂದಿತ್ತು. ಮೂರು ಬೆರಳು ಹೋಗುವ ಜಾಗದಲ್ಲಿ ಒಂದೇ ಬೆರಳು ಹೋಗುತ್ತಿತ್ತು. ರೊಟ್ಟಿ ಬಿಟ್ಟು ಅನ್ನಕ್ಕೆ ಬಂದರು, ಅನ್ನ ಬಿಟ್ಟು ಗಂಜಿಗೆ ಬಂದರು. ವಯಸ್ಸಾಯಿತು, ಹಸಿವಿಲ್ಲ ಎಂದು ನಾವು ಅಂದುಕೊಂಡೆವು. ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಹೇಳಿತ್ತು. ತಂಬಾಕು ಬೆರೆಯದಿದ್ದರೂ ಸರಿಯೇ. ಕರ್ನಾಟಕ ಸರಕಾರ 2013ರಲ್ಲಿ ಗುಟ್ಕಾ ನಿಷೇಧಿಸಿದಾಗ ನಮ್ಮ ಮನೆಯವರೇ ಅದನ್ನು ಹೊಗಳಿ ಮಾತಾಡಿದ್ದೆವು. ಆಗ ಪಾನ್‌ದಾನ್ ನಮ್ಮ ನಡುವೆಯೇ ಇತ್ತು. ಬೀದಿಯ ಚೀಟು ನಮಗೆ ಕಂಡಿತು, ಮನೆಯ ಹಿತ್ತಾಳೆ ಕಾಣಲಿಲ್ಲ.

ಶಸ್ತ್ರಚಿಕಿತ್ಸೆಯಾಯಿತು. ಕರೆಂಟು ಕೊಡಿಸಿದೆವು. ಒಂದು ವರ್ಷ ಚೆನ್ನಾಗಿದ್ದರು. 2022ರ ಕೊನೆಗೆ ದವಡೆಯ ಕೆಳಗೆ ಗಂಟು ಮತ್ತೆ ತಲೆ ಎತ್ತಿತು. ಈ ಸಲ ಕೊಯ್ಯಲು ಬರುವುದಿಲ್ಲ ಎಂದರು. ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಖಾಲಾ ಕೇಳಿದ ಮಾತು ನಮ್ಮಲ್ಲಿ ಯಾರೂ ಮರೆತಿಲ್ಲ: "ಅಪನಾ ಗೋಶ್ತ್ ಅಪನೇಚ್ ಕೂ ಖಾರಾ ಕ್ಯಾ ಬಾ?" ನನ್ನ ಮಾಂಸ ನನ್ನನ್ನೇ ತಿನ್ನುತ್ತಿದೆಯೇನಪ್ಪಾ?

ಅಕ್ಷರ ಬಾರದ ಹೆಂಗಸು ರೋಗದ ಮೂಲವನ್ನೇ ಮುಟ್ಟಿ ಕೇಳಿದ್ದರು. ಕ್ಯಾನ್ಸರ್ ಹೊರಗಿನಿಂದ ಬಂದ ಶತ್ರುವಲ್ಲ, ನಮ್ಮದೇ ಜೀವಕೋಶ ದಾರಿ ತಪ್ಪಿದ್ದು. ದೇಹದ ಕಾವಲಿನವರಿಗೆ ಅದೇ ತೊಡಕು. ಮುಖ ನೋಡಿದರೆ ಮನೆಯವನೇ, ನಡತೆ ಮಾತ್ರ ಬೇರೆ.

ಹೊಸ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದರು. ರಿಪೋರ್ಟು ಬಂದಾಗ ಖಾಲಾನ ಮಗ, ಅಂದರೆ ನಮ್ಮ ತಮ್ಮ, ಅದರ ಒಂದೊಂದು ಪದವನ್ನೂ ಫೋನಿನಲ್ಲಿ ಹುಡುಕಿ ಅರ್ಥ ಮಾಡತೊಡಗಿದ. ಅದರಲ್ಲೊಂದು ಕಡೆ ಲಿಂಫೊಸೈಟ್ ಇನ್‌ಫಿಲ್ಟ್ರೇಷನ್ ಎಂದಿತ್ತು. ನಿಘಂಟು ಕೊಟ್ಟ ಕನ್ನಡ: ನುಸುಳುವಿಕೆ. ತಮ್ಮನ ಮುಖ ಬಿಳಿಚಿಕೊಂಡಿತು. ನಮ್ಮದೂ ಅಷ್ಟೇ. ನುಸುಳುವಿಕೆ, ನುಸುಳುಕೋರ: ಈ ಮಾತುಗಳನ್ನು ನಾವು ಕೇಳಿದ್ದು ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ. ನಮ್ಮಂಥ ಹೆಸರಿನವರು ಆ ಪದ ಕಿವಿಗೆ ಬಿದ್ದಾಗ ತುಸು ಮೈ ಮುದುಡಿಕೊಂಡೇ ಕೂರುತ್ತೇವೆ. ರೋಗ ಎಲ್ಲ ಕಡೆ ನುಸುಳಿಬಿಟ್ಟಿದೆ ಎಂದೇ ನಾವು ತಿಳಿದೆವು.

ಮರುದಿನ ಡಾಕ್ಟರರ ಮುಂದೆ ಅಳುಕುತ್ತ ಕೇಳಿದಾಗ ಆ ತರುಣ ವೈದ್ಯರು ನಕ್ಕರು. "ಅಯ್ಯೋ, ಅದು ಒಳ್ಳೆ ಸುದ್ದಿ ಕಣ್ರೀ. ನುಸುಳಿರೋದು ರೋಗ ಅಲ್ಲ, ನಿಮ್ಮಮ್ಮನ ಕಡೆಯವರು" ಎಂದರು. ರಕ್ತದಲ್ಲಿ ತಿರುಗಾಡುವ ಬಿಳಿಯ ಕಣಗಳಲ್ಲಿ ಟಿ ಕೋಶಗಳೆಂಬ ಪಡೆ ಇದೆ. ಅವು ರಕ್ತನಾಳದ ಗೋಡೆ ದಾಟಿ ಗಂಟಿನ ಒಳಗೆ ಹೊಕ್ಕಿದ್ದರೆ ಅದು ದೇಹ ಸೋಲೊಪ್ಪಿಲ್ಲ ಎಂಬುದರ ಗುರುತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನುಸುಳಿದವರು ಮನೆ ಕಾಯಲು ಬಂದವರೂ ಆಗಿರಬಹುದು ಎಂದು ಒಂದು ಸರಕಾರಿ ಸೀಲಿನ ಹಾಳೆ ಹೇಳಿದ್ದನ್ನು ನಾವು ಮೊದಲ ಸಲ ಕಂಡೆವು.

ಆಮೇಲೆ ನಾವು ಈ ವಿಷಯ ಸಿಕ್ಕಲ್ಲೆಲ್ಲ ಓದಿದೆವು. ಫ್ರಾನ್ಸಿನ ಜೆರೋಮ್ ಗಲೋನ್ ಮತ್ತು ಸಂಗಡಿಗರು 2006ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಬಗ್ಗೆ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಹೆಸರಾದದ್ದು. ಗಂಟು ಎಷ್ಟು ದೊಡ್ಡದು, ಎಲ್ಲಿಯವರೆಗೆ ಹರಡಿದೆ ಎಂಬುದನ್ನಷ್ಟೇ ವೈದ್ಯರು ಅಳೆಯುತ್ತಿದ್ದ ಕಾಲವದು. ಗಂಟಿನೊಳಗೆ ಯಾವ ಬಗೆಯ ಟಿ ಕೋಶಗಳಿವೆ, ಎಷ್ಟು ದಟ್ಟವಾಗಿವೆ, ನಡುವೆ ಇವೆಯೋ ಅಂಚಿನಲ್ಲಿವೆಯೋ ಎಂಬುದು ರೋಗಿಯ ಮುಂದಿನ ದಿನಗಳನ್ನು ಇನ್ನೂ ಚೆನ್ನಾಗಿ ಹೇಳುತ್ತದೆ ಎಂದು ಅವರು ತೋರಿಸಿದರು. ಈಗ ವೈದ್ಯರು ಗಂಟುಗಳನ್ನು ಬಿಸಿ, ತಣ್ಣನೆ ಎಂದು ಕರೆಯುತ್ತಾರೆ. ಕಾವಲಿನವರು ಒಳಗೆ ತುಂಬಿದ್ದರೆ ಬಿಸಿ. ಒಬ್ಬರೂ ಸುಳಿಯದಿದ್ದರೆ ತಣ್ಣನೆ. ಇನ್ನೊಂದು ಬಗೆಯೂ ಇದೆ: ಕಾವಲಿನವರು ಬಂದಿದ್ದಾರೆ, ಆದರೆ ಅಂಚಿನಲ್ಲೇ ನಿಂತಿದ್ದಾರೆ. ಗಂಟು ತನ್ನ ಸುತ್ತ ನಾರಿನ ಬೇಲಿ ಹಾಕಿಕೊಂಡಿದೆ. ಮದುವೆ ಮನೆಯ ಹೊರಗೆ ನಿಂತ ಕರೆಯದ ನೆಂಟರಂತೆ ಇವರು.

ಖಾಲಾನದು ಅಂಚಿನಲ್ಲಿ ದಟ್ಟ, ನಡುವೆ ತೆಳು ಎಂದಿದ್ದರು. ಹಾಗಾದರೆ ಬಂದವರು ಹೊಡೆಯುವುದಿಲ್ಲವೇಕೆ?

ಇದಕ್ಕೆ ಉತ್ತರ ಸಿಕ್ಕಿದ್ದು ಎರಡು ದೇಶಗಳ ಇಬ್ಬರಿಂದ. ಅಮೆರಿಕದ ಟೆಕ್ಸಾಸಿನ ಜೇಮ್ಸ್ ಆಲಿಸನ್ ಹುಡುಗನಾಗಿದ್ದಾಗಲೇ ತಾಯಿಯನ್ನು ಕ್ಯಾನ್ಸರಿಗೆ ಕಳೆದುಕೊಂಡವರು. ಟಿ ಕೋಶದ ಮೈಮೇಲೆ ಸಿಟಿಎಲ್‌ಎ-4 ಎಂಬ ಒಂದು ಅಣು ಇರುವುದು 1987ರಲ್ಲೇ ತಿಳಿದಿತ್ತು. ಅದು ಕೋಶವನ್ನು ತಡೆಯುವ ಬ್ರೇಕು ಎಂದು ಗೊತ್ತಾದಾಗ, ಬೇರೆಯವರು ಆ ಬ್ರೇಕನ್ನು ಒತ್ತಿ ಬೇರೆ ರೋಗಗಳಿಗೆ ಮದ್ದು ಮಾಡಲು ಯೋಚಿಸಿದರು. ಆಲಿಸನ್ ಅದನ್ನು ಬಿಡಿಸಿ ನೋಡಿದರು. ಆ ಅಣುವಿಗೆ ಅಡ್ಡ ನಿಲ್ಲುವ ಪ್ರತಿಕಾಯ ಕೊಟ್ಟಾಗ ಇಲಿಗಳ ಗಂಟು ಕರಗಿದವು. 1996ರಲ್ಲಿ ಅದನ್ನು ಪ್ರಕಟಿಸಿದರು. ಅದರಿಂದ ಬಂದ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2011ರಲ್ಲಿ. ಜಪಾನಿನ ಕ್ಯೋಟೊದಲ್ಲಿ ತಸುಕು ಹೊಂಜೊ ಅವರ ಪ್ರಯೋಗಾಲಯ 1992ರಲ್ಲಿ ಪಿಡಿ-1 ಎಂಬ ಇನ್ನೊಂದು ಅಣುವನ್ನು ಕಂಡಿತ್ತು. ಅದು ಇಲ್ಲದ ಇಲಿಗಳ ದೇಹ ತನ್ನನ್ನೇ ಹೊಡೆದುಕೊಳ್ಳುತ್ತಿತ್ತು. ಅಂದರೆ ಇದೂ ಬ್ರೇಕೇ. ಇಬ್ಬರಿಗೂ 2018ರಲ್ಲಿ ನೊಬೆಲ್ ಬಂತು.

ಕ್ಯಾನ್ಸರ್ ಕೋಶದ ಕಪಟ ಇಲ್ಲಿದೆ. ಅದು ತನ್ನ ಮೈಮೇಲೆ ಪಿಡಿ-ಎಲ್1 ಎಂಬ ಇನ್ನೊಂದು ಅಣುವನ್ನು ಹೊರಚಾಚುತ್ತದೆ. ಹೊಡೆಯಲು ಬಂದ ಟಿ ಕೋಶದ ಪಿಡಿ-1ಕ್ಕೆ ಅದು ಕೈ ಕೊಡುತ್ತದೆ. ಸಲಾಂ ಸಿಕ್ಕಿದ ಮೇಲೆ ಹೊಡೆಯುವುದು ಹೇಗೆ? ಬಂದವನು ಕೈ ಇಳಿಸಿ ನಿಲ್ಲುತ್ತಾನೆ. ಹಾಗೆ ನಿಂತು ನಿಂತು ದಣಿಯುತ್ತಾನೆ, ಕೊನೆಗೆ ಬಂದ ಕೆಲಸವನ್ನೇ ಮರೆಯುತ್ತಾನೆ. ಹೊಸ ಇಂಜೆಕ್ಷನ್ನು ಕ್ಯಾನ್ಸರನ್ನು ಕೊಲ್ಲುವ ವಿಷವಲ್ಲ. ಅದು ಆ ಎರಡು ಕೈಗಳ ನಡುವೆ ಬಂದು ನಿಲ್ಲುತ್ತದೆ, ಅಷ್ಟೆ. ಮುಂದಿನದು ದೇಹದ ಕೆಲಸ.

ಖಾಲಾಗೆ ಇದನ್ನು ಹೇಳುವುದು ಕಷ್ಟವಾಗಲಿಲ್ಲ. ಖಾಲೂ ಲಾರಿ ಓಡಿಸುತ್ತಿದ್ದವರು, ಅರಬೈಲು ಘಾಟಿನಲ್ಲಿ ಎಷ್ಟೋ ರಾತ್ರಿ ಕಳೆದವರು. ಬ್ರೇಕು ಎಂದ ಕೂಡಲೇ ಖಾಲಾ ಗ್ರಹಿಸಿದರು. ಗ್ರಹಿಸಿ ತಿರುಗಿ ಕೇಳಿದರು: "ಘಾಟಿ ಇಳಿಯುವಾಗ ಬ್ರೇಕು ತೆಗೆದರೆ ಏನಾಗುತ್ತೆ, ನಿಮ್ಮ ಡಾಕ್ಟರಿಗೆ ಗೊತ್ತಾ?"

ಡಾಕ್ಟರರಿಗೆ ಗೊತ್ತಿತ್ತು. ಬ್ರೇಕು ಬಿಟ್ಟ ಕಾವಲಿನವರು ಕೆಲವೊಮ್ಮೆ ಕರುಳಿಗೆ, ಶ್ವಾಸಕೋಶಕ್ಕೆ, ಥೈರಾಯ್ಡಿಗೆ ತಿರುಗಿ ಬೀಳುತ್ತಾರೆ. ಹಾಗಾಗಿ ಪ್ರತಿ ಸಲವೂ ರಕ್ತ ಪರೀಕ್ಷೆ. ಇದು ಎಲ್ಲರಿಗೂ ನಾಟುವ ಮದ್ದೂ ಅಲ್ಲ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ ಮೆದುಳಿಗೆ ಹರಡಿದ್ದ ಚರ್ಮದ ಕ್ಯಾನ್ಸರು ಇದೇ ಜಾತಿಯ ಔಷಧ, ಶಸ್ತ್ರಚಿಕಿತ್ಸೆ ಮತ್ತು ವಿಕಿರಣಗಳಿಂದ ಕಾಣದಾಯಿತು. ಅವರು ನೂರು ವರ್ಷ ಬಾಳಿ 2024ರಲ್ಲಿ ತೀರಿಕೊಂಡರು. ಆದರೆ ಬಾಯಿ, ಗಂಟಲಿನ ಮರುಕಳಿಸಿದ ಕ್ಯಾನ್ಸರಿಗೆ ನಿವೊಲುಮ್ಯಾಬ್ ಕೊಟ್ಟು ನೋಡಿದ 2016ರ ದೊಡ್ಡ ಪರೀಕ್ಷೆಯಲ್ಲಿ ಒಂದು ವರ್ಷ ಬದುಕಿದವರು ಶೇ. 36, ಹಳೆಯ ಔಷಧಗಳಲ್ಲಿ ಶೇ. 16.6. ದುಪ್ಪಟ್ಟು ನಿಜ, ಆದರೂ ಮೂವರಲ್ಲಿ ಇಬ್ಬರು ವರ್ಷ ದಾಟಲಿಲ್ಲ. ಡಾಕ್ಟರರು ಈ ಲೆಕ್ಕವನ್ನು ಮುಚ್ಚಿಡದೆ ಹೇಳಿದರು.

ಬೆಲೆಯನ್ನೂ ಹೇಳಿದರು. ಪೂರ್ತಿ ಪ್ರಮಾಣದಲ್ಲಿ ಕೊಟ್ಟರೆ ತಿಂಗಳ ಲೆಕ್ಕ ಲಕ್ಷಗಳಲ್ಲಿತ್ತು. ನಮ್ಮ ಮನೆಯಲ್ಲಿ ಮಾರಬಹುದಾದದ್ದು ಮನೆಯೊಂದೇ. ಆ ರಾತ್ರಿ ನಾವು ಅದರ ಕಾಗದ ಪತ್ರ ಹರಡಿಕೊಂಡು ಕುಳಿತೆವು. ಖಾಲಾ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಿದ್ದೆ ಮಾಡಿರಲಿಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಆಗ ದಾರಿ ತೋರಿಸಿದ್ದು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2022ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ. ಪೂರ್ತಿ ಪ್ರಮಾಣವೆಂದರೆ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಅವರು ಕೊಟ್ಟದ್ದು ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ, ಹನ್ನೆರಡರಲ್ಲಿ ಒಂದು ಪಾಲು. ಜೊತೆಗೆ ಬಾಯಿಯಿಂದ ನುಂಗುವ ಮೂರು ಮಾತ್ರೆಗಳು. 151 ರೋಗಿಗಳಲ್ಲಿ ಅರ್ಧ ಮಂದಿಗೆ ಬರೀ ಮಾತ್ರೆ, ಉಳಿದವರಿಗೆ ಮಾತ್ರೆಯ ಜೊತೆ ಈ ಚಿಕ್ಕ ಇಂಜೆಕ್ಷನ್ನು. ಬರೀ ಮಾತ್ರೆಯವರಲ್ಲಿ ವರ್ಷ ದಾಟಿದವರು ಶೇ. 16.3, ಇಂಜೆಕ್ಷನ್ ಸೇರಿದವರಲ್ಲಿ ಶೇ. 43.4. ಇಷ್ಟು ಕಡಿಮೆಯಲ್ಲೂ ಕೆಲಸವಾಗುವುದಕ್ಕೆ ಕಾರಣ ಉಂಟು. ಟಿ ಕೋಶಗಳ ಮೇಲಿನ ಪಿಡಿ-1 ಅಣುಗಳಿಗೆ ಔಷಧ ಕೂರಲು ತುಸುವೇ ಸಾಕಾಗುತ್ತದೆ ಎಂದು ಮೊದಲ ಪ್ರಯೋಗಗಳಲ್ಲೇ ಕಂಡಿತ್ತು. ಬಟ್ಟಲು ತುಂಬಿದ ಮೇಲೆ ಸುರಿದದ್ದು ಚೆಲ್ಲುತ್ತದೆ. ಮುಂಬೈಯವರು ಪೂರ್ತಿ ಪ್ರಮಾಣದೊಡನೆ ಹೋಲಿಸಿ ನೋಡಿದ್ದಲ್ಲ ಎಂಬುದನ್ನೂ ನಮಗೆ ಹೇಳಿದರು. ಆದರೆ ನಮ್ಮ ಮುಂದೆ ಇದ್ದ ಆಯ್ಕೆ ಪೂರ್ತಿಯೋ ಅರೆಯೋ ಎಂಬುದಲ್ಲ. ತುಸುವೋ, ಏನೂ ಇಲ್ಲವೋ ಎಂಬುದು.

ಇನ್ನೊಂದು ತೊಡಕು. ಚಿಕ್ಕ ಸೀಸೆಯಲ್ಲಿ ಬರುವುದು 40 ಮಿಲಿಗ್ರಾಂ. ತೆರೆದ ಸೀಸೆಯನ್ನು ಮೂರು ವಾರ ಇಡಲಾಗದು. ಹಾಗಾಗಿ ಒಂದೇ ದಿನ ಇಬ್ಬರು ರೋಗಿಗಳು ಬರಬೇಕು, ಒಂದು ಸೀಸೆ ಹಂಚಿಕೊಳ್ಳಬೇಕು, ಅರ್ಧರ್ಧ ಹಣ ಕೊಡಬೇಕು. ನರ್ಸಮ್ಮ ನಮಗೆ ಜೊತೆ ಹುಡುಕಿಕೊಟ್ಟರು: ರಾಣೆಬೆನ್ನೂರು ಕಡೆಯ ಒಬ್ಬ ರೈತರು, ಖಾಲಾಗಿಂತ ಹಿರಿಯರು, ನಾಲಿಗೆಯ ಕ್ಯಾನ್ಸರು. ಅವರ ಮಗ ಫೋನ್ ನಂಬರು ಕೊಟ್ಟ. ನಮ್ಮ ತಮ್ಮ ಅದನ್ನು ಇಂಜೆಕ್ಷನ್ ಅಣ್ಣ ಎಂದು ಉಳಿಸಿಕೊಂಡ.

2023ರ ಜನವರಿಯಿಂದ ಮೂರು ವಾರಕ್ಕೊಂದು ಸೋಮವಾರ. ಅದರ ಹಿಂದಿನ ಸಂಜೆ ಫೋನು: "ಅಣ್ಣಾರ, ನಾಳಿಗ್ ಬರ್ತೀರಿಲ್ರೀ?" "ಬರ್ತೀವ್ರೀ ಅಣ್ಣಾ, ನೀವು ಹೊಂಟೀರಿಲ್ಲೋ?" ಅಷ್ಟೇ ಮಾತು. ವಾರ್ಡಿನಲ್ಲಿ ಅಕ್ಕಪಕ್ಕದ ಕುರ್ಚಿ. ಅಜ್ಜನಿಗೆ ಮಾತು ಬರುತ್ತಿರಲಿಲ್ಲ, ಖಾಲಾಗೆ ಬಾಯಿ ತೆರೆಯುತ್ತಿರಲಿಲ್ಲ. ಇಬ್ಬರೂ ತಲೆಯಾಡಿಸಿ ಕ್ಷೇಮ ವಿಚಾರಿಸುತ್ತಿದ್ದರು. ಖಾಲಾ ಅಜ್ಜನಿಗೆಂದು ಒಮ್ಮೆ ಶೀರ್‌ಖುರ್ಮಾ ತೆಗೆದುಕೊಂಡು ಹೋದರು, ಶ್ಯಾವಿಗೆಯನ್ನು ಅರೆದು ನೀರಾಗಿಸಿ. ಆ ರಂಜಾನಿನ ಹೊತ್ತಿಗೆ ಅವರ ದವಡೆಯ ಗಂಟು ಇಳಿದಿತ್ತು. ಉಪವಾಸ ಹಿಡಿಯಲು ನಾವು ಬಿಡಲಿಲ್ಲ. ಈದಿನ ದಿನ ತಮ್ಮ ಕೈಯಾರೆ ಖಿಚಡಿ ಉಂಡರು. ಥೈರಾಯ್ಡು ಮಂದವಾಯಿತು, ಅದಕ್ಕೊಂದು ಮಾತ್ರೆ ಸೇರಿತು. ಅಂಚಿನಲ್ಲಿ ನಿಂತವರು ಒಳಗೆ ಹೋದರೇನೋ ಎಂದು ನಾವು ಹೇಳಿಕೊಂಡೆವು.

ಅಜ್ಜನಿಗೆ ನಾಟಲಿಲ್ಲ. ಒಂದೇ ಸೀಸೆ, ಒಂದೇ ದಿನ, ಒಂದೇ ಅಳತೆ. ಗಂಟಿನೊಳಗೆ ಯಾರೂ ನುಸುಳಿರದಿದ್ದರೆ ಯಾರ ಬ್ರೇಕು ಬಿಡಿಸುವುದು?

ಮೇ ತಿಂಗಳ ಒಂದು ಭಾನುವಾರ ಸಂಜೆ ಫೋನು ಬಂತು. ತಮ್ಮ ಕೇಳಿಸಿಕೊಂಡು ಸುಮ್ಮನೆ ನಿಂತ. "ಅಜ್ಜ ಹೋದರಂತೆ" ಎಂದ. ನಾವು ಇನ್ನಾಲಿಲ್ಲಾಹಿ ಹೇಳಿದೆವು. ಹೇಳಿದೆವು, ಸುಳ್ಳಲ್ಲ. ಆದರೆ ನಾಲಿಗೆ ಅದನ್ನು ಹೇಳುತ್ತಿರುವಾಗ ಮನಸ್ಸು ಬೇರೆ ಲೆಕ್ಕ ಹಾಕುತ್ತಿತ್ತು: ನಾಳೆ ಪೂರ್ತಿ ಸೀಸೆಯ ಹಣ ನಾವೇ ಕೊಡಬೇಕೇ? ಇನ್ನರ್ಧಕ್ಕೆ ಯಾರನ್ನು ಹುಡುಕುವುದು? ನಮ್ಮಲ್ಲೊಬ್ಬರು ಅದನ್ನು ಬಾಯಿಬಿಟ್ಟು ಆಡಿಯೂಬಿಟ್ಟರು. ಉಳಿದವರು ಬೇಡವೆನ್ನಲಿಲ್ಲ, ಯಾಕೆಂದರೆ ಎಲ್ಲರೂ ಅದನ್ನೇ ಯೋಚಿಸುತ್ತಿದ್ದೆವು. ಯಾರು ಆಡಿದ್ದೆಂದು ಇಲ್ಲಿ ಬರೆಯುವುದಿಲ್ಲ. ಆಡಿದ್ದು ನಾವು.

ಆಮೇಲೆ ತಮ್ಮ ಉಳಿದ ಮಾತು ಹೇಳಿದ. ಫೋನು ಇಡುವ ಮುನ್ನ ಆ ಮಗ ಅಂದಿದ್ದನಂತೆ: "ಅಣ್ಣಾರ, ಅವ್ವಾರ ಪಾಳಿ ತಪ್ಪಸಬ್ಯಾಡ್ರಿ. ನಮ್ಮ ಅರ್ಧದ ರೊಕ್ಕ ನಾ ಕಳಸ್ತೀನಿ. ನಾಳಿದು ಒಂದು ನಡೀಲಿ, ಮುಂದಿಂದು ನರ್ಸಮ್ಮ ನೋಡ್ತಾರ."

ಅಪ್ಪನ ಹೆಣ ಮನೆಯಲ್ಲಿಟ್ಟುಕೊಂಡ ಮನುಷ್ಯ ನಮ್ಮ ಖಾಲಾನ ಸೋಮವಾರವನ್ನು ನೆನೆದಿದ್ದ. ನಮಗೆ ತಲೆ ಎತ್ತಲಾಗಲಿಲ್ಲ. ಹಣ ಕಳಿಸಬೇಡಿ ಎಂದು ಹೇಳಿಸಿದೆವು. ಮರುದಿನ ಪೂರ್ತಿ ಸೀಸೆ ಕೊಂಡೆವು. ಉಳಿದರ್ಧವನ್ನು ನರ್ಸಮ್ಮ ಅಂದೇ ಬಂದಿದ್ದ ಒಬ್ಬ ತರುಣನಿಗೆ ಹಾಕಿದರು. ಮುಂದೆ ಅವನೇ ನಮ್ಮ ಜೊತೆಗಾರನಾದ. ಖಾಲಾಗೆ ಯಾರೂ ಏನೂ ಹೇಳದಿದ್ದರೂ ತಿಳಿದಿತ್ತು. ಮನೆಗೆ ಬರುವಾಗ ದಾರಿಯಲ್ಲಿ ಇಷ್ಟೇ ಹೇಳಿದರು: "ಆ ಅರ್ಧ ನಮ್ಮ ಹತ್ತಿರ ಇದ್ದ ಅವರ ಅಮಾನತ್ತು. ನಮ್ಮ ಅರ್ಧ ಅವರ ಹತ್ತಿರ ಇತ್ತು."

ಕತೆ ಬರೆಯುವವರಾದರೆ ಇಲ್ಲಿಗೆ ನಿಲ್ಲಿಸುತ್ತಾರೆ. ನಾವು ಪಾಠ ಕಲಿತೆವು ಎಂದು ಬರೆದರೆ ಓದುವವರಿಗೂ ಹಿತ. ಆದರೆ ನಡೆದದ್ದು ಹಾಗಲ್ಲ.

2024ರ ಫೆಬ್ರವರಿಯಲ್ಲಿ ಖಾಲಾ ತೀರಿಕೊಂಡರು. ಮೊದಲ ಇಂಜೆಕ್ಷನ್ನಿನಿಂದ ಹದಿಮೂರು ತಿಂಗಳು. ಕೊನೆಯ ಕೆಲವು ವಾರ ಗಂಟು ಮತ್ತೆ ಬೆಳೆದಿತ್ತು. ಬ್ರೇಕುಗಳು ಒಂದೆರಡಲ್ಲ, ಲ್ಯಾಗ್-3, ಟಿಮ್-3 ಎಂದು ಹೆಸರುಗಳ ಸಾಲೇ ಇದೆ. ಒಂದನ್ನು ಬಿಡಿಸಿದರೆ ಗಂಟು ಇನ್ನೊಂದನ್ನು ಒತ್ತುತ್ತದೆ. ಹೋದದ್ದು ಶನಿವಾರ ರಾತ್ರಿ. ಭಾನುವಾರ ದಫನು. ಬಂದವರು, ಹೋದವರು, ಅಳು. ಸೋಮವಾರ ಮಧ್ಯಾಹ್ನ ನರ್ಸಮ್ಮನ ಫೋನು: "ಬರಲಿಲ್ಲವಲ್ಲ, ಆ ಹುಡುಗ ಬೆಳಿಗ್ಗೆಯಿಂದ ಕೂತಿದ್ದಾನೆ."

ನಾವು ಅವನಿಗೆ ಹೇಳುವುದನ್ನೇ ಮರೆತಿದ್ದೆವು. ಹೆಣ ಮನೆಯಲ್ಲಿಟ್ಟುಕೊಂಡು ಆ ರೈತನ ಮಗ ನೆನಪಿಟ್ಟದ್ದನ್ನು ಹೆಣ ಮಣ್ಣು ಸೇರಿದ ಮೇಲೂ ನಾವು ನೆನೆಯಲಿಲ್ಲ. ತಮ್ಮ ಎದ್ದು ನಮ್ಮ ಅರ್ಧದ ಹಣವನ್ನು ಆ ಹುಡುಗನಿಗೆ ಕಳಿಸಿದ. ಸಂಜೆ ಅವನಿಂದ ಒಂದೇ ಸಾಲು ಬಂತು, ಇಂಜೆಕ್ಷನ್ ಆಯಿತು ಎಂದು. ಹಣದ ಮಾತೇ ಅದರಲ್ಲಿರಲಿಲ್ಲ.

2025ರ ನೊಬೆಲ್ ಪ್ರಶಸ್ತಿ ಮೇರಿ ಬ್ರಂಕೊ, ಫ್ರೆಡ್ ರ‍್ಯಾಮ್ಸ್‌ಡೆಲ್ ಮತ್ತು ಶಿಮೊನ್ ಸಕಗುಚಿ ಅವರಿಗೆ ಬಂದಾಗ ನಾವು ಖಾಲಾನನ್ನು ನೆನೆದೆವು. ಕಾವಲಿನವರನ್ನೇ ಕಾಯುವ ಇನ್ನೊಂದು ಬಗೆಯ ಟಿ ಕೋಶಗಳಿವೆ ಎಂದು ಸಕಗುಚಿ 1995ರಲ್ಲಿ ತೋರಿಸಿದ್ದರು. ಪ್ರಶಸ್ತಿಯ ಹೇಳಿಕೆಯಲ್ಲಿದ್ದ ಪದವನ್ನು ಕನ್ನಡದಲ್ಲಿ ಹೇಳಿದರೆ ಸಹನೆ. ದೇಹ ತನ್ನವರನ್ನು ಸಹಿಸುವುದು ಹೇಗೆ ಎಂಬ ವಿದ್ಯೆ ಅದು. ಆ ಕೋಶಗಳಿಲ್ಲದಿದ್ದರೆ ದೇಹ ತನ್ನನ್ನೇ ಸುಟ್ಟುಕೊಳ್ಳುತ್ತದೆ. ಆದರೆ ಇವೂ ಗಂಟಿನೊಳಗೆ ನುಸುಳುತ್ತವೆ, ನುಸುಳಿ ಕ್ಯಾನ್ಸರಿಗೇ ಕಾವಲು ನಿಲ್ಲುತ್ತವೆ. ಹಾಗಾಗಿ ಒಳಗೆ ಬಂದವರು ಎಷ್ಟು ಎಂದು ಎಣಿಸಿದರೆ ಸಾಲದು. ಬಂದವರು ಯಾರು, ಎಲ್ಲಿ ನಿಂತಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ನೋಡಬೇಕು. ಸಹನೆ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಒಂದು ಜೀವಕೋಶಕ್ಕೂ ಸುಲಭದ ಪ್ರಶ್ನೆಯಲ್ಲ ಎಂದಮೇಲೆ ನಮಗೆ ಸುಲಭವಾದೀತೇ? ನಮ್ಮ ಮನೆಯ ಪಾನ್‌ದಾನನ್ನು ನಾವು ನಲವತ್ತು ವರ್ಷ ಸಹಿಸಿದೆವು. ನಮ್ಮದೇ ಎಂದು ಸಹಿಸಿದೆವು.

ಈಗ ಅದರಲ್ಲಿ ಸೂಜಿ ದಾರ ಇಟ್ಟಿದ್ದೇವೆ. ನಾಲ್ಕನೆಯ ಬಟ್ಟಲು ಎಷ್ಟು ತೊಳೆದರೂ ಕಡ್ಡಿಪುಡಿಯ ವಾಸನೆ ಬಿಟ್ಟಿಲ್ಲ. ಓಣಿಯ ಹುಡುಗರ ಜೇಬಿನಲ್ಲಿ ಎರಡೆರಡು ಚೀಟು: ಒಂದರಲ್ಲಿ ಪಾನ್ ಮಸಾಲೆ, ಇನ್ನೊಂದರಲ್ಲಿ ತಂಬಾಕು, ಬಾಯಲ್ಲಿ ಎರಡೂ ಒಂದೇ. ಕಂಡಾಗ ಬಾಯಿ ತೆರೆಸಿ ನೋಡುತ್ತೇವೆ, ಮೂರು ಬೆರಳು ಹೋಗುತ್ತದೆಯೇ ಎಂದು. ನಗುತ್ತಾರೆ, ತೆರೆಯುತ್ತಾರೆ. ಕಳೆದ ತಿಂಗಳು ಒಬ್ಬನ ಬಾಯಲ್ಲಿ ಎರಡೇ ಹೋಯಿತು. ಅವನನ್ನು ಕರೆದುಕೊಂಡು ಹೋಗಲು ಈ ಸಲ ನಾವು ಹಸಿವಿಲ್ಲವೇನೋ ಎಂದು ಕಾಯಲಿಲ್ಲ.

ತಮ್ಮನ ಫೋನಿನಲ್ಲಿ ಇಂಜೆಕ್ಷನ್ ಅಣ್ಣನ ನಂಬರು ಹಾಗೇ ಇದೆ. ಈದಿಗೊಮ್ಮೆ, ಯುಗಾದಿಗೊಮ್ಮೆ ಮಾತಾಡುತ್ತಾರೆ. ಅಂದು ಸಂಜೆ ನಮ್ಮ ಮನೆಯಲ್ಲಿ ಆಡಿದ ಮಾತನ್ನು ನಾವು ಅವನಿಗೆ ಇನ್ನೂ ಹೇಳಿಲ್ಲ. ಹೇಳಬೇಕು.